ಲೈಬ್ರರಿ ಎಷ್ಟು ಗಂಟೆಗೆ ಮುಚ್ಚುತ್ತದೆ?

ಕಳೆದ ನವೆಂಬರಿನಲ್ಲಿ ಎರಡು ದಿನ ರಜೆ ಹಾಕಿ ಮಗಳ ಜೊತೆ ಪುಣೆಗೆ ಹೋಗಿಬಂದೆ. ಕಾಲೇಜು ನೋಡಲು. ಅವಳಿಗೆ ಈಗ ಹನ್ನೆರಡನೇ ಕ್ಲಾಸು, ಸಯನ್ಸು. ನಾವಿರುವುದು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ. ನಮ್ಮ ಬಿಲ್ಡಿಂಗಿನಲ್ಲಿ ಇಬ್ಬರು ಮೂವರು ಕೇಳಿದರು: ಸೀಟು ಸಿಕ್ಕ ಮೇಲೆ ನೋಡಿದರಾಯಿತಲ್ಲ, ಈಗಲೇ ಯಾಕೆ ಹೋಗುತ್ತೀರಿ?

ಸೀಟು ಸಿಕ್ಕ ಮೇಲೆ ನೋಡಿ ಏನು ಮಾಡುವುದು ಹೇಳಿ. ಇಲ್ಲಿ ಇಂಜಿನಿಯರಿಂಗಿಗೆ ಸಿಇಟಿ ಬರೆಯಬೇಕು, ಪರ್ಸೆಂಟೈಲ್ ಬರುತ್ತದೆ, ಆಮೇಲೆ ಕ್ಯಾಪ್ ರೌಂಡು, ಅಂದರೆ ಸರ್ಕಾರದ ಕಡೆಯಿಂದ ಸುತ್ತುಸುತ್ತಾಗಿ ಸೀಟು ಹಂಚುವುದು. ಯಾವ ಕಾಲೇಜು, ಯಾವ ಬ್ರಾಂಚು ಎಂದು ಸಾಲಾಗಿ ಆಯ್ಕೆ ತುಂಬಬೇಕು. ಮೊದಲನೆಯದಾಗಿ ಬರೆದ ಸೀಟೇ ಸಿಕ್ಕಿಬಿಟ್ಟರೆ ಅಲ್ಲಿಗೆ ಮುಗಿಯಿತು, ಮುಂದಿನ ರೌಂಡಿಗೆ ಹೋಗುವ ಹಾಗಿಲ್ಲ. ಆ ಸಾಲನ್ನು ಬರೆಯುವ ಹೊತ್ತಿಗೆ ಮಗುವಿಗೆ ಕಾಲೇಜಿನ ಹೆಸರಷ್ಟೇ ಗೊತ್ತಿದ್ದರೆ ಸಾಲದು. (ಈ ರಾಜ್ಯದ ನಿವಾಸಿ ಎಂದು ತೋರಿಸುವ ಡೊಮಿಸೈಲ್ ಸರ್ಟಿಫಿಕೇಟನ್ನೂ ಈಗಲೇ ಮಾಡಿಸಿಡಿ. ನಮ್ಮವರು ಅನೇಕರು ಅದನ್ನು ಕೊನೆಯ ವಾರಕ್ಕೆ ಬಿಟ್ಟು ತಹಸೀಲ್ದಾರ್ ಕಚೇರಿಯ ಮುಂದೆ ನಿಲ್ಲುತ್ತಾರೆ.)

ಇನ್ನೊಂದು ಕಾರಣವೂ ಇತ್ತು, ಅದು ನನ್ನದು. ನಾನು ಕಾಲೇಜನ್ನು ಹಗಲು ಹೊತ್ತಿನಲ್ಲಿ ನೋಡಿದವನಲ್ಲ.

ಕುಂದಾಪುರದ ಕಡೆಯಿಂದ ಬೊಂಬಾಯಿಗೆ ಬಂದಾಗ ನನಗೆ ಹದಿನಾಲ್ಕು. ಫೋರ್ಟಿನ ಒಂದು ಆಫೀಸಿನ ಕ್ಯಾಂಟೀನಿನಲ್ಲಿ ಕೆಲಸ. ಬೆಳಿಗ್ಗೆ ಐದಕ್ಕೆ ಎದ್ದರೆ ಸಂಜೆ ಐದೂವರೆಯವರೆಗೆ ಕಪ್ಪು, ಬಸಿ, ಟ್ರೇ. ಆಮೇಲೆ ಕನ್ನಡ ರಾತ್ರಿ ಶಾಲೆ. ಹಗಲು ಸಣ್ಣ ಮಕ್ಕಳು ಕೂರುವ ಬೆಂಚಿನಲ್ಲೇ ರಾತ್ರಿ ನಾವು ಕೂರುತ್ತಿದ್ದೆವು, ಮೊಣಕಾಲು ಮೇಲಿನ ಹಲಗೆಗೆ ತಾಗುತ್ತಿತ್ತು. ಆ ಶಾಲೆಗಳು ಇಲ್ಲದಿದ್ದರೆ ನಮ್ಮ ಊರಿನ ಎಷ್ಟು ಹುಡುಗರು ಹೋಟೆಲಿನ ಒಳಗೇ ಉಳಿದುಬಿಡುತ್ತಿದ್ದರೋ. ಅಲ್ಲಿ ಪಾಠ ಹೇಳುತ್ತಿದ್ದವರೂ ಹಗಲೆಲ್ಲ ಬೇರೆ ಕಡೆ ದುಡಿದು ಬಂದವರೇ. ಅವರ ಋಣ ದೊಡ್ಡದು. ಎಸ್ಸೆಸ್ಸಿ ಆಯಿತು, ಸಂಜೆ ಕಾಲೇಜಿನಲ್ಲಿ ಬಿಕಾಂ ಆಯಿತು. ಆದರೆ ಆ ಕಾಲೇಜಿನ ಗೋಡೆಯ ಬಣ್ಣ ಯಾವುದು ಎಂದು ಕೇಳಿದರೆ ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಎಲ್ಲವೂ ಒಂದೇ ಬಣ್ಣ. ಲೈಬ್ರರಿ ಮೊದಲನೇ ಮಹಡಿಯಲ್ಲಿತ್ತು. ನಾವು ಹೋಗುವ ಹೊತ್ತಿಗೆ ಅದಕ್ಕೆ ಬೀಗ. ನಾಲ್ಕು ವರ್ಷ ಆ ಬೀಗದ ಮುಂದೆ ಹಾದುಹೋಗಿದ್ದೇನೆ, ಒಳಗೆ ಎಷ್ಟು ಕಪಾಟು ಇದ್ದವು ಎಂಬುದೂ ಗೊತ್ತಿಲ್ಲ.

ಇದನ್ನು ಮಗಳಿಗೆ ಹಿಂದೆಯೇ ಹೇಳಿದ್ದೆ. ಅವಳು ಮರೆತಿದ್ದಾಳೆ ಅಂದುಕೊಂಡಿದ್ದೆ.

ಕಲ್ಯಾಣದಲ್ಲಿ ಬೆಳಗಿನ ಇಂದ್ರಾಯಣಿ ರೈಲು ಹತ್ತಿದೆವು. ಕರ್ಜತ್‌ನಲ್ಲಿ ವಡಾಪಾವ್ ತಿನ್ನುತ್ತಿರುವಾಗ ಹಿಂದಿನಿಂದ ಗಾಡಿಗೆ ಒಂದು ಮೆತ್ತನೆಯ ಧಕ್ಕೆ ಬಿತ್ತು. ಘಾಟಿ ಹತ್ತಲು ಹಿಂದಕ್ಕೆ ಬೇರೆ ಇಂಜಿನ್ ಜೋಡಿಸುತ್ತಾರೆ, ಬ್ಯಾಂಕರ್ ಅನ್ನುತ್ತಾರೆ. ನನಗೆ ಇಷ್ಟು ಮಾತ್ರ ಗೊತ್ತಿತ್ತು. ಮಗಳು ಹೇಳಿದಳು: "ಪಪ್ಪ, ಭೋರ್ ಘಾಟಿನಲ್ಲಿ ಮೂವತ್ತೇಳು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ ಹತ್ತಬೇಕು. ಎಲ್ಲ ಇಂಜಿನ್ನೂ ಮುಂದೆಯೇ ಕಟ್ಟಿ ಎಳೆದರೆ ಮೊದಲ ಡಬ್ಬಿಯ ಕೊಂಡಿಯ ಮೇಲೆ ಇಡೀ ಗಾಡಿಯ ಭಾರ ಬೀಳುತ್ತದೆ. ಅದಕ್ಕೇ ಹಿಂದಿನಿಂದ ತಳ್ಳುವುದು." ಆಮೇಲೆ ಟಿಕೆಟಿನ ಕಾಗದದ ಹಿಂದೆ ಒಂದು ಇಳಿಜಾರು ಗೆರೆ ಎಳೆದು, ಬಾಣದ ಗುರುತು ಹಾಕಿ, ಲೋಣಾವಳ ಬರುವವರೆಗೂ ಲೆಕ್ಕ ಮಾಡುತ್ತಾ ಕೂತಳು. ಹೊರಗೆ ಕಣಿವೆ, ಮಳೆಗಾಲ ಮುಗಿದರೂ ಹಸಿರು ಇನ್ನೂ ಉಳಿದಿತ್ತು. ನಾನು ಅದನ್ನು ನೋಡಲಿಲ್ಲ. ಅವಳ ಕೈಯನ್ನೇ ನೋಡುತ್ತಿದ್ದೆ.

ಶಿವಾಜಿನಗರದಲ್ಲಿ ಇಳಿದು ಮೊದಲು ಹೋದದ್ದು ಸಿಒಇಪಿಗೆ. ಪುಣೆಯ ಹಳೆಯ ಇಂಜಿನಿಯರಿಂಗ್ ಕಾಲೇಜು, 1854ರದು. 2022ರಿಂದ ಅದೇ ಒಂದು ವಿಶ್ವವಿದ್ಯಾಲಯ ಆಗಿದೆ. ಕನ್ನಡದವರಿಗೆ ಆ ಕಾಲೇಜಿನ ಮೇಲೆ ಪ್ರೀತಿ ಇರಲೇಬೇಕು, ಯಾಕೆಂದರೆ ವಿಶ್ವೇಶ್ವರಯ್ಯನವರು ಓದಿದ್ದು ಅಲ್ಲೇ. ಮುದ್ದೇನಹಳ್ಳಿಯ ಹುಡುಗ, ಬೆಂಗಳೂರಿನಲ್ಲಿ ಮಕ್ಕಳಿಗೆ ಪಾಠ ಹೇಳಿಕೊಟ್ಟು ಬಿಎ ಮುಗಿಸಿ, ಮೈಸೂರು ಸರ್ಕಾರದ ಸ್ಕಾಲರ್‌ಶಿಪ್ಪಿನಲ್ಲಿ ಇಲ್ಲಿಗೆ ಬಂದು 1883ರಲ್ಲಿ ಮೊದಲನೆಯವರಾಗಿ ಪಾಸಾದರು. ಮುಂದೆ 1903ರಲ್ಲಿ ಇದೇ ಪುಣೆಯ ಖಡಕ್‌ವಾಸ್ಲಾ ಅಣೆಕಟ್ಟಿನಲ್ಲಿ ತಾನೇ ತೆರೆದುಕೊಳ್ಳುವ ತೂಬಿನ ಬಾಗಿಲುಗಳನ್ನು ಕೂರಿಸಿದರು. ಇದನ್ನೆಲ್ಲ ಗೇಟಿನಿಂದಲೇ ಹೇಳಲು ಶುರು ಮಾಡಿದೆ. ಅವಳು ಕೇಳಿಸಿಕೊಂಡಳು, ಆದರೆ ಕಣ್ಣು ಬೇರೆ ಕಡೆ ಇತ್ತು. ಒಂದು ಶೆಡ್ಡಿನಲ್ಲಿ ನಾಲ್ಕೈದು ಹುಡುಗರು, ಒಬ್ಬಳು ಹುಡುಗಿ, ಸಣ್ಣ ಗಾಡಿಯ ಚೌಕಟ್ಟು ಇಟ್ಟುಕೊಂಡು ವೆಲ್ಡಿಂಗ್ ಮಾಡುತ್ತಿದ್ದರು. ಇವಳು ನೇರ ಅಲ್ಲಿಗೆ ಹೋದಳು. ಮರಾಠಿಯಲ್ಲಿ ಏನೇನೋ ಕೇಳಿದಳು. ಶೆಡ್ಡಿನ ಕೀಲಿ ಯಾರ ಹತ್ತಿರ ಇರುತ್ತದೆ, ಸರ್ ಇಲ್ಲದಿದ್ದರೂ ಬಿಡುತ್ತಾರಾ, ಮೊದಲ ವರ್ಷದವರನ್ನು ಸೇರಿಸಿಕೊಳ್ಳುತ್ತೀರಾ.

ನಾನು ತಯಾರಿ ಮಾಡಿಕೊಂಡು ಹೋಗಿದ್ದ ಪ್ರಶ್ನೆಗಳು ಬೇರೆ. ಫೀಸು ಎಷ್ಟು, ಕ್ಯಾಂಪಸ್ಸಿಗೆ ಯಾವ ಕಂಪನಿ ಬರುತ್ತದೆ, ಕಳೆದ ವರ್ಷ ಕಟ್‌ಆಫ್ ಎಲ್ಲಿಗೆ ನಿಂತಿತು. ಅವೂ ಬೇಕು. ಆದರೆ ಅವಕ್ಕೆ ಉತ್ತರ ಮನೆಯಲ್ಲೇ ಕೂತು ಫೋನಿನಲ್ಲಿ ಸಿಗುತ್ತದೆ. ಕೀಲಿ ಯಾರ ಹತ್ತಿರ ಇದೆ ಎನ್ನುವುದು ಅಲ್ಲಿಗೆ ಹೋಗಿ ಕೇಳಿದರೆ ಮಾತ್ರ ಗೊತ್ತಾಗುತ್ತದೆ. ಹೊಳೆಯ ದಂಡೆಯಲ್ಲಿ ಅವರದೊಂದು ಬೋಟ್ ಕ್ಲಬ್ಬಿದೆ, ಅಲ್ಲಿ ಹತ್ತು ನಿಮಿಷ ನಿಂತು ಹೊರಟೆವು.

ಮಧ್ಯಾಹ್ನ ಇನ್ನೊಂದು ಕಾಲೇಜಿಗೆ ಹೋದೆವು. ಊರಿನಿಂದ ದೂರ, ಖಾಸಗಿ. ಹೆಸರು ಬೇಡ. ಅಲ್ಲಿ ನಮ್ಮನ್ನು ಎಸಿ ಹಾಲಿನಲ್ಲಿ ಕೂರಿಸಿ ವಿಡಿಯೊ ತೋರಿಸಿದರು, ಟೀ ಕೊಟ್ಟರು, ಬ್ಯಾಗು ಕೊಟ್ಟರು. ಹಾಸ್ಟೆಲಿನಲ್ಲಿ ಒಂದು ಕೋಣೆ ತೋರಿಸಿದರು, ಹೊಸ ಬೆಡ್‌ಶೀಟು, ಮೇಜಿನ ಮೇಲೆ ಒಂದು ಪುಸ್ತಕವೂ ಇಲ್ಲ. ಯಾರೂ ಇರದ ಕೋಣೆ ಎಂದು ನೋಡಿದ ಕೂಡಲೇ ತಿಳಿಯುತ್ತದೆ. ಹುಡುಗಿಯರು ಇರುವ ಮಹಡಿ ನೋಡಬಹುದಾ, ಬಾತ್‌ರೂಮು ನೋಡಬಹುದಾ ಎಂದು ಮಗಳು ಕೇಳಿದಳು. ಈಗ ಆಗುವುದಿಲ್ಲ ಎಂದರು.

ಲೈಬ್ರರಿ ಚೆನ್ನಾಗಿತ್ತು. ನಾನು ನನ್ನ ಪ್ರಶ್ನೆ ಕೇಳಿದೆ, ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ? "ಸರ್, ರಾತ್ರಿ ಹನ್ನೊಂದರವರೆಗೆ!" ನನಗೆ ಬಹಳ ಸಂತೋಷವಾಯಿತು. ಆಮೇಲೆ ಮಾತಿಗೆ ಮಾತು ಬಂದು ಹುಡುಗಿಯರ ಹಾಸ್ಟೆಲಿನ ಗೇಟು ಏಳೂವರೆಗೆ ಮುಚ್ಚುತ್ತದೆ ಎಂದರು. ಹುಡುಗರದು? ಹುಡುಗರದು ಹನ್ನೊಂದು.

ನಿಜ ಹೇಳುತ್ತೇನೆ, ಏಳೂವರೆ ಎಂದು ಕೇಳಿದ ಆ ಕ್ಷಣಕ್ಕೆ ನನ್ನ ಮನಸ್ಸಿಗೆ ಸಮಾಧಾನವೇ ಆಗಿತ್ತು. ಮಗಳು ಪರವೂರಿನಲ್ಲಿ ಇರುತ್ತಾಳೆ, ಕತ್ತಲಾಗುವ ಹೊತ್ತಿಗೆ ಒಳಗಿರುತ್ತಾಳೆ, ಇನ್ನೇನು ಬೇಕು ಒಬ್ಬ ಅಪ್ಪನಿಗೆ.

ಅವಳು ಕೇಳಿದಳು, "ಹಾಗಾದರೆ ಏಳೂವರೆಯಿಂದ ಹನ್ನೊಂದರವರೆಗೆ ಲೈಬ್ರರಿ ಯಾರಿಗೆ?"

ಆ ಮನುಷ್ಯ ಉತ್ತರ ಕೊಟ್ಟದ್ದು ಅವಳಿಗಲ್ಲ, ನನಗೆ. "ಸರ್, ಸೇಫ್ಟಿ ಅಲ್ವಾ, ಪೇರೆಂಟ್ಸೇ ಕೇಳುತ್ತಾರೆ" ಎಂದ. ಮಗಳು ನನ್ನ ಕಡೆ ತಿರುಗಿ ನೋಡಿದಳು. ನನಗೆ ಎದೆಯಲ್ಲಿ ಏನೋ ಚುಚ್ಚಿದ ಹಾಗಾಯಿತು. ಮೊದಲನೇ ಮಹಡಿಯ ಆ ಬೀಗ ಕಣ್ಣೆದುರು ಬಂದು ನಿಂತಿತು. ನನಗೆ ಬೀಗ ಹಾಕಿದ್ದು ಬಡತನ. ಇವಳಿಗೆ ಹಾಕಲು ಹೊರಟವರು ನನ್ನ ಹೆಸರು ಹೇಳಿಕೊಂಡು ಹಾಕುತ್ತಿದ್ದಾರೆ, ನನ್ನ ಸಮಾಧಾನಕ್ಕಾಗಿ. ಬಸ್ಸಿನಲ್ಲಿ ವಾಪಸು ಬರುವಾಗ ಅವಳ ಹತ್ತಿರ ಹೇಳಿದೆ, ನಾನು ಅದನ್ನು ಕೇಳುವುದಿಲ್ಲ ಮಗಾ, ಯಾವ ಕಾಲೇಜಿನಲ್ಲೂ ಕೇಳುವುದಿಲ್ಲ. ಅವಳು ಏನೂ ಹೇಳಲಿಲ್ಲ, ಕಿಟಕಿಯ ಕಡೆ ತಿರುಗಿ ಕೂತಳು. ಸ್ವಲ್ಪ ಹೊತ್ತಾದ ಮೇಲೆ, "ನಿಮ್ಮ ಲೈಬ್ರರಿಗೆ ಬೀಗ ಇರುತ್ತಿತ್ತಲ್ಲ ಪಪ್ಪ, ಅದಕ್ಕೇ ತಾನೆ ನೀವು ಎಲ್ಲ ಕಡೆ ಅದನ್ನೇ ಕೇಳುವುದು" ಅಂದಳು.

ರಾತ್ರಿ ಉಳಿದದ್ದು ಕೋಥ್ರೂಡಿನಲ್ಲಿ, ನನ್ನ ಜೊತೆ ರಾತ್ರಿ ಶಾಲೆಯಲ್ಲಿ ಓದಿದ ಗೆಳೆಯನ ಮನೆಯಲ್ಲಿ. ಅವನಿಗೀಗ ಸಣ್ಣ ಹೋಟೆಲಿದೆ. ಅವನ ಮಗಳು ಹಾಸ್ಟೆಲಿನಲ್ಲಿದ್ದೇ ಓದಿದವಳು. ಊಟ ಬಡಿಸುತ್ತಾ ಅವನ ಹೆಂಡತಿ ಹೇಳಿದ ಮಾತನ್ನು ಇಲ್ಲಿ ಬರೆಯಲೇಬೇಕು. "ಗೇಟು ಮುಚ್ಚಿದರೆ ಮಕ್ಕಳು ಸುರಕ್ಷಿತ ಅಂತ ಅಲ್ಲ ಅಣ್ಣ. ಲೈಬ್ರರಿಯಿಂದ ಹಾಸ್ಟೆಲಿಗೆ ಬರುವ ದಾರಿಯಲ್ಲಿ ದೀಪ ಇದೆಯಾ ನೋಡಿ. ಆ ದಾರಿಯಲ್ಲಿ ಬೇರೆ ಹುಡುಗಿಯರು ನಡೆಯುತ್ತಾರಾ ನೋಡಿ. ಹಗಲು ನೋಡಿಕೊಂಡು ಬರಬೇಡಿ, ಕತ್ತಲಾಗುವವರೆಗೆ ಅಲ್ಲೇ ಇರಿ." ಇಷ್ಟು ವರ್ಷದಲ್ಲಿ ಕಾಲೇಜು ಸೇರಿಸುವ ಬಗ್ಗೆ ನನಗೆ ಯಾರೂ ಇಷ್ಟು ಸರಿಯಾದ ಮಾತು ಹೇಳಿರಲಿಲ್ಲ.

ಮಾರನೇ ದಿನ ಫರ್ಗ್ಯುಸನ್ ಕಾಲೇಜು. ಇದು ಮಗಳ ಆಯ್ಕೆ. ಅವಳಿಗೆ ಫಿಸಿಕ್ಸು ಓದಬೇಕು, ಇಂಜಿನಿಯರಿಂಗ್ ನನಗಾಗಿ ನೋಡುತ್ತಿದ್ದಾಳೆ. ಇದನ್ನು ಅವಳು ಬಾಯಿಬಿಟ್ಟು ಹೇಳಿಲ್ಲ, ನಾನೂ ಕೇಳಿರಲಿಲ್ಲ.

ಆ ಕಾಲೇಜು 1885ರಲ್ಲಿ ಶುರುವಾದದ್ದು. ತಿಲಕರು, ಆಗರ್ಕರರು ಎಲ್ಲ ಸೇರಿ ಕಟ್ಟಿದ ಡೆಕ್ಕನ್ ಎಜುಕೇಶನ್ ಸೊಸೈಟಿಯ ಕಾಲೇಜು. ಮೊದಲ ಪ್ರಿನ್ಸಿಪಾಲರು ವಾಮನ ಶಿವರಾಮ ಆಪ್ಟೆ, ಸಂಸ್ಕೃತ ನಿಘಂಟು ಮಾಡಿದವರು. ನಮ್ಮ ಬೇಂದ್ರೆಯವರು ಬಿಎ ಓದಿದ್ದು ಇಲ್ಲೇ, 1918ರಲ್ಲಿ ಮುಗಿಸಿದರು. ಗೋಕಾಕರು ಮುಂದೆ ಇಲ್ಲಿ ಇಂಗ್ಲಿಷ್ ಪಾಠ ಹೇಳಿದರು. ಬೇಂದ್ರೆಯವರ ಮನೆಮಾತು ಮರಾಠಿ, ಬರೆದದ್ದು ಕನ್ನಡ. ನನ್ನ ಮಗಳ ಮನೆಮಾತು ಕನ್ನಡ, ಹೊರಗೆಲ್ಲ ಮರಾಠಿ. ಅದನ್ನು ಹೇಳಿದಾಗ ಅವಳ ಮುಖ ಅರಳಿತು. ವಿಶ್ವೇಶ್ವರಯ್ಯನವರ ವಿಷಯಕ್ಕೆ ಹಾಗೆ ಅರಳಿರಲಿಲ್ಲ.

ಗೇಟಿನಲ್ಲಿ ಕಾಕಾ ರಿಜಿಸ್ಟರಿನಲ್ಲಿ ಹೆಸರು ಬರೆಸಿಕೊಂಡರು. ಒಳಗೆ ದೊಡ್ಡ ದೊಡ್ಡ ಮರಗಳು, ಹಿಂದೆ ಗುಡ್ಡ, ಅದನ್ನು ಪುಣೆಯವರು ಟೇಕಡಿ ಅನ್ನುತ್ತಾರೆ. ನಾವಿಬ್ಬರೂ ಕನ್ನಡದಲ್ಲಿ ಮಾತಾಡುತ್ತಾ ಹೋಗುತ್ತಿರುವಾಗ ಹಿಂದಿನಿಂದ ಒಂದು ದನಿ: "ಕನ್ನಡದವರೇನ್ರಿ ನೀವು?" ತಿರುಗಿ ನೋಡಿದರೆ ಒಬ್ಬಳು ಹುಡುಗಿ, ಬೆನ್ನಿಗೆ ಬ್ಯಾಗು, ಕೈಯಲ್ಲಿ ಪ್ರಾಕ್ಟಿಕಲ್ ಜರ್ನಲ್ಲು. "ನಾನು ಅಕ್ಕಲಕೋಟದಾಕಿ ರೀ. ಫಿಸಿಕ್ಸ್, ಎರಡನೇ ವರ್ಷ." ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆಯಲ್ಲಿ ಮನೆಮನೆಯಲ್ಲೂ ಕನ್ನಡ ಎಂದು ಕೇಳಿದ್ದೆ. ಹೀಗೆ ಎದುರು ಬಂದು ನಿಲ್ಲುತ್ತದೆ ಎಂದು ಅಂದುಕೊಂಡಿರಲಿಲ್ಲ.

ಅವಳೇ ನಮ್ಮನ್ನು ಲ್ಯಾಬಿನ ಕಡೆ ಕರೆದುಕೊಂಡು ಹೋದಳು. ಬಾಗಿಲು ತೆರೆದೇ ಇತ್ತು. ಒಳಗೆ ಕತ್ತಲು ಮಾಡಿಕೊಂಡು ಹುಡುಗರು ಸ್ಪೆಕ್ಟ್ರೋಮೀಟರ್ ಮುಂದೆ ಕೂತಿದ್ದರು, ಸೋಡಿಯಂ ದೀಪದ ಆ ಗಾಢ ಹಳದಿ ಬೆಳಕು ಎಲ್ಲರ ಮುಖದ ಮೇಲೆ. ನನ್ನ ಮಗಳು ಹೊಸ್ತಿಲಲ್ಲಿ ನಿಂತಳು. ಒಳಗೆ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಆ ಹಳದಿ ಅವಳ ಕೆನ್ನೆಯ ಮೇಲೂ ಬಿದ್ದಿತ್ತು. ಎಷ್ಟು ಹೊತ್ತು ಹಾಗೆ ನಿಂತಳೋ, ನಾನು ಗಡಿಯಾರ ನೋಡಲಿಲ್ಲ.

ಆಮೇಲೆ ಅವರಿಬ್ಬರೇ ಹೋದರು. "ಅಪ್ಪಾರೆ ನೀವು ಇಲ್ಲೇ ಕುಂದರ್ರಿ, ನಾವು ಬರ್ತೀವಿ" ಎಂದಳು ಅಕ್ಕಲಕೋಟೆಯ ಹುಡುಗಿ. ಒಂದು ಗಂಟೆಗೂ ಜಾಸ್ತಿ. ಕಾಲೇಜು ನೋಡಲು ಹೋಗುವ ಅಪ್ಪ ಅಮ್ಮಂದಿರು ದಯವಿಟ್ಟು ಈ ಒಂದು ಗಂಟೆ ಮಕ್ಕಳಿಗೆ ಬಿಡಿ. ನಾವು ಪಕ್ಕದಲ್ಲಿದ್ದರೆ ಅಲ್ಲಿ ಓದುವ ಹುಡುಗಿ ಮೆಸ್ಸಿನ ಅನ್ನದ ಬಗ್ಗೆ ನಿಜ ಹೇಳುವುದಿಲ್ಲ, ಕ್ಲಾಸಿಗೆ ಬಾರದ ಮೇಷ್ಟ್ರ ಬಗ್ಗೆ ಹೇಳುವುದಿಲ್ಲ, ಮೊದಲ ತಿಂಗಳು ರಾತ್ರಿಯೆಲ್ಲ ಅತ್ತದ್ದನ್ನು ಹೇಳುವುದಿಲ್ಲ. ಮತ್ತೆ ವಾರದ ನಡುವಿನ ಮಾಮೂಲಿ ದಿನವೇ ಹೋಗಿ. ಭಾನುವಾರ ಹೋದರೆ ಮರ ಮತ್ತು ಗೋಡೆ ನೋಡಿಕೊಂಡು ಬರಬೇಕಾಗುತ್ತದೆ.

ನಾನು ಆ ಹೊತ್ತಿನಲ್ಲಿ ಲೈಬ್ರರಿಯ ಕಡೆ ನಡೆದೆ. ನಾನು ಒಳಗೆ ಕೂತು ಓದುವವನಲ್ಲವಲ್ಲ, ಬಾಗಿಲಿನ ಹತ್ತಿರ ನಿಂತು ನೋಡಿದೆ. ಮಧ್ಯಾಹ್ನ ಮೂರು ಗಂಟೆ. ಎತ್ತರದ ಕಿಟಕಿಯಿಂದ ಬಿಸಿಲು ಬಂದು ಉದ್ದನೆಯ ಮೇಜಿನ ಮೇಲೆ ಬಿದ್ದಿತ್ತು. ಒಬ್ಬ ಹುಡುಗ ಪುಸ್ತಕದ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದ, ಯಾರೂ ಎಬ್ಬಿಸಲಿಲ್ಲ. ಮಧ್ಯಾಹ್ನ ಮೂರು ಗಂಟೆ ಎಂದರೆ ನನಗೆ ಎರಡನೇ ಚಹಾದ ಹೊತ್ತು, ಅರವತ್ತು ಕಪ್ಪು ತೊಳೆದಿಡುವ ಹೊತ್ತು. ಅದೇ ಹೊತ್ತಿನಲ್ಲಿ ಲೈಬ್ರರಿಯೊಳಗೆ ಬಿಸಿಲು ಹೀಗೆ ಬೀಳುತ್ತಿರುತ್ತದೆ ಎಂದು ನೋಡಲು ನನಗೆ ಐವತ್ತೊಂದು ವರ್ಷ ಆಗಬೇಕಾಯಿತು. ಕಣ್ಣು ತುಂಬಿ ಬಂತು. ಅಲ್ಲಿ ಕೂತಿದ್ದವರು ನೀರು ಬೇಕಾ ಎಂದು ಮರಾಠಿಯಲ್ಲಿ ಕೇಳಿದರು. ಬೇಡ ಎಂದು ಹೊರಗೆ ಬಂದೆ.

ಮಗಳು ವಾಪಸು ಬರುವಾಗ ಪುಸ್ತಕದ ಎರಡು ಹಾಳೆ ತುಂಬ ಬರೆದುಕೊಂಡಿದ್ದಳು. ಬಿಎಸ್ಸಿ ಮೂರು ವರ್ಷಕ್ಕೆ ಪದವಿ, ನಾಲ್ಕನೇ ವರ್ಷ ಮುಂದುವರಿಸಿದರೆ ಆನರ್ಸು. ಆಮೇಲೆ ಜಾಮ್ ಎಂಬ ಪ್ರವೇಶ ಪರೀಕ್ಷೆ ಬರೆದರೆ ಐಐಟಿಗಳಲ್ಲಿ ಎಂಎಸ್ಸಿಗೆ, ಬೆಂಗಳೂರಿನ ಐಐಎಸ್‌ಸಿಯಲ್ಲಿ ಇಂಟಿಗ್ರೇಟೆಡ್ ಪಿಎಚ್‌ಡಿಗೆ ದಾರಿ ಇದೆ. ಇದೇ ಊರಿನ ವಿಶ್ವವಿದ್ಯಾಲಯದ ಆವರಣದಲ್ಲಿ ಖಗೋಳ ವಿಜ್ಞಾನಿ ಜಯಂತ ನಾರ್ಳೀಕರರು 1988ರಲ್ಲಿ ಶುರು ಮಾಡಿದ ಆಯುಕಾ ಎಂಬ ಸಂಸ್ಥೆ ಇದೆ, ಆಕಾಶದ ಫಿಸಿಕ್ಸಿಗೆ ದೇಶದಲ್ಲೇ ದೊಡ್ಡ ಹೆಸರು. ಬಿಎಸ್ಸಿ ಎಂದರೆ ಮುಂದೇನು ಎಂದು ನಾನು ಎರಡು ವರ್ಷದಿಂದ ಒಳಗೊಳಗೇ ಹೆದರುತ್ತಿದ್ದೆ. ಅದಕ್ಕೆ ಇಪ್ಪತ್ತು ವರ್ಷದ ಒಂದು ಹುಡುಗಿ ನಿಂತ ನಿಲುವಿನಲ್ಲಿ ದಾರಿ ಬಿಡಿಸಿ ಹೇಳಿ ಕಳಿಸಿದ್ದಳು. ಹೆದರಿಕೆ ಪೂರ್ತಿ ಹೋಗಿಲ್ಲ. ಸಂಬಳದ ಮನೆ ನಮ್ಮದು, ಹೋಗುವುದೂ ಇಲ್ಲ. ಆದರೆ ಈಗ ಅದರ ಬಗ್ಗೆ ಇಬ್ಬರೂ ಎದುರುಬದುರು ಕೂತು ಮಾತಾಡಬಹುದು.

ಕತ್ತಲಾಗುವವರೆಗೆ ಇದ್ದೆವು. ದೀಪ ಹತ್ತಿದ ಮೇಲೆ ಇನ್ನೊಂದು ಸುತ್ತು ನಡೆದೆವು. ಎಲ್ಲಿ ಬೆಳಕಿದೆ, ಎಲ್ಲಿ ಮರದ ನೆರಳು ದಟ್ಟವಾಗಿದೆ ಎಂದು ಮಗಳು ಬರೆದುಕೊಂಡಳು. ಆಮೇಲೆ ಎದುರಿನ ರಸ್ತೆಯ ವೈಶಾಲಿಗೆ ಹೋದೆವು. ನಮ್ಮ ಕರಾವಳಿಯಿಂದ ಬಂದ ಜಗನ್ನಾಥ ಶೆಟ್ಟರು ಬೆಳೆಸಿದ ಹೋಟೆಲು ಅದು, ಪುಣೆಯಲ್ಲಿ ಓದಿದವರೆಲ್ಲರ ನೆನಪಿನಲ್ಲೂ ಇರುತ್ತದೆ. ಮಗಳು ಎಸ್‌ಪಿಡಿಪಿ (ಸೇವ್ ಪೊಟಾಟೊ ದಹಿ ಪುರಿ) ತಿಂದಳು, ನಾನು ಇಡ್ಲಿ. ಟ್ರೇ ಹಿಡಿದು ಬಂದ ಹುಡುಗನಿಗೆ ಹದಿನೆಂಟು ಹತ್ತೊಂಬತ್ತು ಇರಬಹುದು. ಊರು ಯಾವುದು ಎಂದು ಕೇಳಿದೆ. ಓದುತ್ತಿದ್ದೀಯಾ ಎಂದೂ ಕೇಳಬೇಕು ಅನ್ನಿಸಿತು. ಅಷ್ಟರಲ್ಲಿ ಅವನನ್ನು ಬೇರೆ ಮೇಜಿನವರು ಕರೆದರು. ಅದು ಈಗಲೂ ಮನಸ್ಸಿನಲ್ಲಿ ಉಳಿದಿದೆ.

ಸಂಜೆಯ ಇಂದ್ರಾಯಣಿ ಹೋಗಿಬಿಟ್ಟಿತ್ತು. ಸ್ವಾರ್‌ಗೇಟಿನಿಂದ ಬಸ್ಸು ಹಿಡಿದೆವು. ಎಕ್ಸ್‌ಪ್ರೆಸ್‌ವೇ ಸುರಂಗ ದಾಟುವಾಗ ಮಗಳು ಹೇಳಿದಳು, "ಪಪ್ಪ, ಆ ಇನ್ನೊಂದು ಕಾಲೇಜಿಗೆ ನಾನು ಪತ್ರ ಬರೆಯುತ್ತೇನೆ. ಅಲ್ಲಿಗೆ ಸೇರುವುದಿಲ್ಲ, ಆದರೂ ಬರೆಯುತ್ತೇನೆ. ಗೇಟಿನ ಟೈಮಿನ ಬಗ್ಗೆ." ನಾನೂ ಸಹಿ ಹಾಕುತ್ತೇನೆ ಎಂದೆ. ಪೇರೆಂಟ್ಸೇ ಕೇಳುತ್ತಾರೆ ಎಂದಿದ್ದರಲ್ಲ, ಒಬ್ಬ ಪೇರೆಂಟ್ ಬೇಡ ಎಂದು ಬರೆದದ್ದೂ ಅವರ ಹತ್ತಿರ ಇರಲಿ.

ಪತ್ರ ಹೋಗಿ ಮೂರು ವಾರ ಆಯಿತು, ಉತ್ತರ ಬಂದಿಲ್ಲ. ಮುಂದಿನ ತಿಂಗಳು ಮಾಟುಂಗಾದ ಎರಡು ಕಾಲೇಜು ನೋಡುವುದಿದೆ. ಈ ಸಲ ಅವಳ ಅಮ್ಮನೂ ರಜೆ ಹಾಕಿದ್ದಾಳೆ. ಬಾತ್‌ರೂಮು ತೋರಿಸುವವರೆಗೆ ನಾನು ಅಲ್ಲಿಂದ ಕದಲುವುದಿಲ್ಲ ಎಂದು ಈಗಲೇ ಹೇಳಿದ್ದಾಳೆ.